ಬಾಯಿ ವಾಸನೆಗೆ ಏಲಕ್ಕಿ ಸಾಲದು

ಬಾಯಿ ವಾಸನೆ ಬರುತ್ತಿದೆ ಎಂದರೆ ಹೊಟ್ಟೆ ಕೆಟ್ಟಿದೆ ಎಂದು ಹೇಳುವ ಹಿರಿಯರು ನಮ್ಮಲ್ಲಿ ಮನೆಗೊಬ್ಬರಾದರೂ ಸಿಗುತ್ತಾರೆ. ಆ ಮಾತು ಕೇಳಿದವರು ಜೀರಿಗೆ ಕಷಾಯ ಕುಡಿಯುತ್ತಾರೆ, ಮೆಡಿಕಲ್ ಶಾಪಿನಿಂದ ಗ್ಯಾಸಿನ ಮಾತ್ರೆ ತರುತ್ತಾರೆ, ಮಲಗುವ ಮುಂಚೆ ತ್ರಿಫಲಾ ಚೂರ್ಣ ತೆಗೆದುಕೊಳ್ಳುತ್ತಾರೆ, ಜೇಬಿನಲ್ಲಿ ಏಲಕ್ಕಿ, ಲವಂಗ ಇಟ್ಟುಕೊಂಡು ಓಡಾಡುತ್ತಾರೆ. ವರ್ಷ ಉರುಳಿದರೂ ವಾಸನೆ ಹೋಗುವುದಿಲ್ಲ. ಹುಡುಕಿದ ಜಾಗವೇ ತಪ್ಪಾಗಿದ್ದರೆ ಹೋಗುವುದಾದರೂ ಹೇಗೆ? ಬಿಡದೆ ಕಾಡುವ ಬಾಯಿ ವಾಸನೆಯಲ್ಲಿ ನೂರಕ್ಕೆ 80ರಿಂದ 90ರಷ್ಟು ಹುಟ್ಟುವುದು ಬಾಯಿಯ ಒಳಗೇ. ಅನ್ನನಾಳ ನುಂಗುವಾಗ ಮತ್ತು ತೇಗು ಬಂದಾಗ ತೆರೆದುಕೊಳ್ಳುತ್ತದೆ, ಉಳಿದ ಹೊತ್ತು ಮುಚ್ಚಿಕೊಂಡಿರುತ್ತದೆ. ಹೊಟ್ಟೆಯ ಗಾಳಿ ಮಾತುಮಾತಿಗೂ ಉಸಿರಿನೊಂದಿಗೆ ಹೊರಬರಲು ಅಲ್ಲಿ ದಾರಿಯಿಲ್ಲ. ಹುಳಿತೇಗು, ಎದೆಯುರಿ ವಿಪರೀತವಾಗಿರುವ ಕೆಲವರಲ್ಲಿ ಹೊಟ್ಟೆಯ ಪಾಲು ಇರಬಹುದು. ಆದರೆ ತಪಾಸಣೆ ಅಲ್ಲಿಂದ ಶುರುವಾಗಬೇಕಿಲ್ಲ.

ಶುರುವಾಗಬೇಕಾದದ್ದು ಹಲ್ಲಿನ ಡಾಕ್ಟರ ಹತ್ತಿರ. ನಮ್ಮ ಜನ ಕೊನೆಗೆ ಹೋಗುವುದೂ ಅವರ ಹತ್ತಿರವೇ, ಅದೂ ಹಲ್ಲು ಅಲ್ಲಾಡತೊಡಗಿದ ಮೇಲೆ. ಬಾಯಿ ವಾಸನೆಯನ್ನು ಶುಚಿತ್ವದ ಕೊರತೆ ಎಂದೋ, ಮರ್ಯಾದೆಯ ಪ್ರಶ್ನೆ ಎಂದೋ ನೋಡುವುದನ್ನು ಬಿಟ್ಟು ರೋಗದ ಲಕ್ಷಣವೆಂದು ನೋಡಿದರೆ ಎಷ್ಟೋ ಜನರ ಹಲ್ಲು ಉಳಿಯುತ್ತದೆ, ಕೆಲವರ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಇನ್ನು ಕೆಲವರಿಗೆ ಮತ್ತೆ ನಾಲ್ಕು ಜನರ ನಡುವೆ ಕೂತು ಮಾತಾಡುವ ಧೈರ್ಯ ಬರುತ್ತದೆ.

ವಾಸನೆ ಹುಟ್ಟುವ ಬಗೆ ಈಗ ಗುಟ್ಟಾಗಿ ಉಳಿದಿಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿರುವ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೋಸೆಫ್ ಟಾನ್ಜೆಟಿಚ್ 1960 ಮತ್ತು 70ರ ದಶಕಗಳಲ್ಲಿ ಉಗುಳನ್ನೂ ಉಸಿರನ್ನೂ ಗ್ಯಾಸ್ ಕ್ರೊಮಟೋಗ್ರಫಿ ಯಂತ್ರದಲ್ಲಿ ಪರೀಕ್ಷಿಸಿ, ದುರ್ವಾಸನೆಗೆ ಮುಖ್ಯ ಕಾರಣ ಗಂಧಕದ ಅನಿಲಗಳು ಎಂದು ತೋರಿಸಿಕೊಟ್ಟರು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅವುಗಳಲ್ಲಿ ಒಂದು, ಕೊಳೆತ ಕೋಸಿನಂತೆ ನಾರುವ ಮೀಥೈಲ್ ಮರ್ಕ್ಯಾಪ್ಟನ್ ಇನ್ನೊಂದು. ಇವನ್ನು ತಯಾರಿಸುವುದು ಗಾಳಿ ಸೋಕದ ಜಾಗದಲ್ಲಿ ಬದುಕುವ ಬ್ಯಾಕ್ಟೀರಿಯಾಗಳು. ಹಲ್ಲಿನ ಸಂದಿಯಲ್ಲಿ ಉಳಿದ ಅನ್ನದಗಳು, ಬಾಯಿಯ ಒಳಚರ್ಮದಿಂದ ಉದುರಿದ ಸತ್ತ ಕೋಶಗಳು, ಮೂಗಿನಿಂದ ಗಂಟಲಿಗೆ ಇಳಿಯುವ ಸಿಂಬಳ, ಒಸಡಿನಿಂದ ಜಿನುಗುವ ರಕ್ತ ಎಲ್ಲದರಲ್ಲೂ ಪ್ರೋಟೀನು ಇದೆ. ಆ ಪ್ರೋಟೀನನ್ನು ಒಡೆದು ತಿನ್ನುವಾಗ ಅದರಲ್ಲಿರುವ ಗಂಧಕ ಅನಿಲವಾಗಿ ಹೊರಬೀಳುತ್ತದೆ.

ಬೆಳಿಗ್ಗೆ ಎದ್ದಾಗ ಎಲ್ಲರ ಬಾಯೂ ಸ್ವಲ್ಪ ನಾರುವುದು ಏಕೆಂಬುದಕ್ಕೂ ಇಲ್ಲೇ ಉತ್ತರವಿದೆ. ಹಗಲಿನಲ್ಲಿ ಜೊಲ್ಲು ಬಾಯನ್ನು ತೊಳೆಯುತ್ತಲೇ ಇರುತ್ತದೆ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಅದು ಸುರಿಯುತ್ತದೆ. ನಿದ್ದೆಯಲ್ಲಿ ಈ ಹರಿವು ಬಹುತೇಕ ನಿಂತುಹೋಗುತ್ತದೆ, ಬ್ಯಾಕ್ಟೀರಿಯಾಗಳಿಗೆ ರಾತ್ರಿಯಿಡೀ ಬಿಡುವು ಸಿಗುತ್ತದೆ. ಏಕಾದಶಿ ಇರಲಿ, ರಂಜಾನ್ ಇರಲಿ, ಉಪವಾಸದ ದಿನ ಮಧ್ಯಾಹ್ನದ ಹೊತ್ತಿಗೆ ಬಾಯಿ ವಾಸನೆ ಬರುವುದೂ ಇದೇ ಕಾರಣಕ್ಕೆ. ಹಲ್ಲುಜ್ಜಿ, ತಿಂಡಿ ತಿಂದು, ನೀರು ಕುಡಿದ ಮೇಲೆ ಹೋಗುವ ವಾಸನೆಗೆ ಡಾಕ್ಟರು ಬೇಕಿಲ್ಲ. ಖಾರ ಮಂಡಕ್ಕಿಯ ಹಸಿ ಈರುಳ್ಳಿ, ಬೆಳ್ಳುಳ್ಳಿ ಚಟ್ನಿಗಳದ್ದೂ ಬಂದುಹೋಗುವ ವಾಸನೆಯೇ. ಬೆಳ್ಳುಳ್ಳಿಯ ಒಂದು ಗಂಧಕಾಂಶ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಬರುವುದರಿಂದ ಎಷ್ಟು ಉಜ್ಜಿದರೂ ಅದು ಒಂದು ದಿನ ಕಾಡುತ್ತದೆ, ಆಮೇಲೆ ಹೋಗುತ್ತದೆ. ಚಿಂತೆ ಮಾಡಬೇಕಾದದ್ದು ದಿನವಿಡೀ ಇರುವ, ವಾರಗಟ್ಟಲೆ ಬಿಡದ ವಾಸನೆಗೆ.

ಅದರ ದೊಡ್ಡ ನೆಲೆಗಳು ಎರಡು. ಒಂದು ನಾಲಿಗೆಯ ಹಿಂಭಾಗ. ಅಲ್ಲಿನ ಮೇಲ್ಮೈ ಉಬ್ಬುತಗ್ಗಿನದು, ಬಿಳಿಯ ಅಥವಾ ಹಳದಿಯ ದಪ್ಪ ಪದರ ಕಟ್ಟಿಕೊಳ್ಳುತ್ತದೆ. ನಾಲಿಗೆ ಉಜ್ಜುವ ಅಭ್ಯಾಸ ನಮ್ಮಲ್ಲಿ ಹೊಸದೇನಲ್ಲ. ಚಿನ್ನ, ಬೆಳ್ಳಿ, ತಾಮ್ರದಂಥ ಲೋಹದಿಂದ ಮಾಡಿದ, ಬಾಗಿದ, ಹರಿತವಿಲ್ಲದ ಪಟ್ಟಿಯಿಂದ ನಾಲಿಗೆ ಕೆರೆದುಕೊಳ್ಳಬೇಕೆಂದು ಚರಕ ಸಂಹಿತೆಯ ಸೂತ್ರಸ್ಥಾನದಲ್ಲೇ ಇದೆ. ಆದರೆ ಬಚ್ಚಲಮನೆಯಲ್ಲಿ ನಾವು ಉಜ್ಜುವುದು ಹೆಚ್ಚಾಗಿ ನಾಲಿಗೆಯ ತುದಿ ಮತ್ತು ನಡುಭಾಗವನ್ನು. ಓಕರಿಕೆ ಬರುತ್ತದೆಂದು ಪಟ್ಟಿಯನ್ನು ಒಳಕ್ಕೆ ಒಯ್ಯುವುದಿಲ್ಲ, ಕೊಳೆ ಇರುವುದು ಅಲ್ಲೇ. ಇನ್ನು ಕೆಲವರು ರಕ್ತ ಬರುವಷ್ಟು ಜೋರಾಗಿ ಕೆರೆದುಕೊಳ್ಳುತ್ತಾರೆ, ಅದರಿಂದ ನಾಲಿಗೆಗೆ ಗಾಯವಾಗುತ್ತದೆ ಅಷ್ಟೆ. ನಾಲಿಗೆಯನ್ನು ಚೆನ್ನಾಗಿ ಹೊರಚಾಚಿ, ಉಸಿರು ಹೊರಬಿಡುತ್ತಾ, ಹಿಂದಿನಿಂದ ಮುಂದಕ್ಕೆ ಮೂರು ನಾಲ್ಕು ಬಾರಿ ಮೆಲ್ಲಗೆ ಎಳೆದರೆ ಸಾಕು. ಓಕರಿಕೆ ಕೆಲವೇ ದಿನಗಳಲ್ಲಿ ರೂಢಿಯಾಗಿ ಕಡಿಮೆಯಾಗುತ್ತದೆ.

ಎರಡನೆಯದು ಒಸಡು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನ ಹಾನಿ ನಡೆಯುವುದು ಇಲ್ಲೇ.

ಹಲ್ಲಿಗೂ ಒಸಡಿಗೂ ನಡುವೆ ಸಹಜವಾಗಿಯೇ ಒಂದು ಸಣ್ಣ ಸೀಳು ಇರುತ್ತದೆ. ಆರೋಗ್ಯವಾದ ಬಾಯಲ್ಲಿ ಅದರ ಆಳ 3 ಮಿಲಿಮೀಟರ್ ಮೀರುವುದಿಲ್ಲ. ಹಲ್ಲಿನ ಬುಡದಲ್ಲಿ ದಿನವೂ ಕೂರುವ ಮೆತ್ತನೆಯ ಪಾಚಿಯನ್ನು ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಅದು ಕಲ್ಲಾಗುತ್ತದೆ. ಕಲ್ಲಿನ ಒರಟು ಮೈಮೇಲೆ ಮತ್ತಷ್ಟು ಪಾಚಿ ಕೂರುತ್ತದೆ, ಒಸಡು ಊದಿಕೊಳ್ಳುತ್ತದೆ, ಹಲ್ಲುಜ್ಜುವಾಗ ರಕ್ತ ಬರುತ್ತದೆ. ಆಗಲೂ ಬಿಟ್ಟರೆ ಸೀಳು ಆಳವಾಗಿ ಚೀಲದಂತಾಗುತ್ತದೆ. 5, 6 ಮಿಲಿಮೀಟರ್ ಆಳದ ಆ ಜಾಗಕ್ಕೆ ಬ್ರಷ್ಷಿನ ಎಳೆ ತಲುಪುವುದಿಲ್ಲ, ಬಾಯಿ ಮುಕ್ಕಳಿಸಿದ ನೀರೂ ತಲುಪುವುದಿಲ್ಲ. ಗಾಳಿಯಿಲ್ಲ, ರಕ್ತ ಮತ್ತು ಕೀವಿನ ಆಹಾರ ಧಾರಾಳ. ಗಂಧಕದ ಅನಿಲ ತಯಾರಿಸುವ ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಅನುಕೂಲದ ಜಾಗ ಬಾಯಲ್ಲಿ ಬೇರೆ ಇಲ್ಲ. ಚೀಲ ಕೆಳಗಿಳಿದಂತೆ ಹಲ್ಲನ್ನು ಹಿಡಿದ ಮೂಳೆ ಕರಗುತ್ತದೆ. ಇಷ್ಟೆಲ್ಲ ಆಗುವಾಗ ನೋವು ಇರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಎಷ್ಟೋ ಜನರಿಗೆ ರೋಗದ ಮೊದಲ ಸೂಚನೆ ಬಾಯಿ ವಾಸನೆಯೇ. ಒಸಡಿನ ತೀವ್ರ ರೋಗ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಲ್ಲಿ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಹೇಳುತ್ತದೆ.

ತಂಬಾಕಿನವರ ಪಾಡು ಇನ್ನೂ ಕಷ್ಟದ್ದು. ಬೀಡಿ, ಸಿಗರೇಟು, ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಒಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರೋಗ ಬಲಿತಿದ್ದರೂ ರಕ್ತ ಕಾಣಿಸುವುದಿಲ್ಲ. ಒಸಡು ಗಟ್ಟಿಯಾಗಿಯೇ ಇದೆ ಎಂದು ಅವರು ನೆಮ್ಮದಿಯಾಗಿರುತ್ತಾರೆ. ವಾಸನೆ ಮುಚ್ಚಲು ಎಲೆ ಅಡಿಕೆ ಜಗಿಯುವವರೂ ಇದ್ದಾರೆ. ಶಿರಸಿ, ತೀರ್ಥಹಳ್ಳಿಗಳ ಅಡಿಕೆ ನಾಡಿನಲ್ಲಿ ಕವಳ ಹಾಕುವುದು ಆತಿಥ್ಯದ ಭಾಗವೇ ಆಗಿರುವಾಗ ಈ ಮಾತು ಹೇಳುವುದು ಸುಲಭವಲ್ಲ, ಆದರೂ ಹೇಳಬೇಕು: ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಬೆರೆಸದ ಅಡಿಕೆಯನ್ನೂ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿ ಬಿಗಿದು ಎರಡು ಬೆರಳೂ ತೂರದಂತಾಗುವ ರೋಗದ ಮೂಲವೂ ಅಡಿಕೆ ಜಗಿಯುವುದೇ. ಹಾಗೆ ಬಿಗಿದ ಬಾಯನ್ನು ಶುಚಿ ಮಾಡಿಕೊಳ್ಳುವುದೂ ದುಸ್ತರ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆದರೂ ಪಾನ್ ಮಸಾಲೆಯ ಚೀಟಿಯನ್ನೂ ತಂಬಾಕಿನ ಚೀಟಿಯನ್ನೂ ಬೇರೆ ಬೇರೆ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದನ್ನು ಯಾವ ಬಸ್ ನಿಲ್ದಾಣದಲ್ಲಾದರೂ ನೋಡಬಹುದು.

ಇಷ್ಟು ತಿಳಿದಿದ್ದರೂ ಜನ ಚಿಕಿತ್ಸೆಗೆ ಬರುವುದಿಲ್ಲ. ಕಾರಣ ಮೌನ. ತನ್ನ ಬಾಯಿ ವಾಸನೆ ತನಗೆ ಗೊತ್ತಾಗುವುದಿಲ್ಲ. ಸದಾ ಇರುವ ವಾಸನೆಗೆ ಮೂಗು ಒಗ್ಗಿಹೋಗುತ್ತದೆ. ಟೆಲ್ ಅವೀವ್ ವಿಶ್ವವಿದ್ಯಾಲಯದ ಮೆಲ್ ರೋಸೆನ್‌ಬರ್ಗ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದಾಗ, ತಮ್ಮ ಬಾಯಿ ವಾಸನೆಯ ಬಗ್ಗೆ ಜನರ ಅಂದಾಜಿಗೂ ಬೇರೆಯವರ ಮೂಗು ಕೊಟ್ಟ ಅಂಕಕ್ಕೂ ತಾಳೆಯಾಗಲಿಲ್ಲ. ಅಂದರೆ ಯಾರಾದರೂ ಹೇಳಲೇಬೇಕು. ಹೇಳುವವರು ಯಾರು? ಸಹೋದ್ಯೋಗಿ ಕುರ್ಚಿ ಹಿಂದಕ್ಕೆ ಸರಿಸುತ್ತಾನೆ. ಸೊಸೆ ಅತ್ತೆಗೆ ಹೇಳುವಂತಿಲ್ಲ. ಮಕ್ಕಳು ಮೇಷ್ಟ್ರಿಗೆ ಹೇಳುವಂತಿಲ್ಲ, ತಮ್ಮತಮ್ಮಲ್ಲೇ ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ. ಗಂಡ ಹೆಂಡತಿಯರ ನಡುವೆ ಕೂಡ ಈ ಮಾತು ಬರುವುದು ಜಗಳದಲ್ಲಿ, ಅದೂ ಬೈಗುಳದ ರೂಪದಲ್ಲಿ. ಬೈಗುಳವಾಗಿ ಬಂದದ್ದನ್ನು ಯಾರೂ ಆರೋಗ್ಯದ ಸಲಹೆಯಾಗಿ ತೆಗೆದುಕೊಳ್ಳುವುದಿಲ್ಲ. ಜ್ವರ ಬಂದವರ ಹಣೆ ಮುಟ್ಟಿ ಆಸ್ಪತ್ರೆಗೆ ಹೋಗು ಎನ್ನುವಷ್ಟೇ ಸಹಜವಾಗಿ, ಒಬ್ಬರೇ ಇದ್ದಾಗ, “ಕೆಲವು ದಿನದಿಂದ ಬಾಯಿ ವಾಸನೆ ಬರ್ತಿದೆ, ಒಸಡು ಒಮ್ಮೆ ತೋರಿಸ್ಕೊಂಡು ಬನ್ನಿ” ಎಂದು ಹೇಳುವುದು ಹತ್ತಿರದವರ ಹೊಣೆ. ಹೇಳದೆ ಉಳಿದರೆ ನಷ್ಟವಾಗುವುದು ವಾಸನೆಯಿರುವವರ ಹಲ್ಲಿಗೆ.

ಈ ನಾಚಿಕೆಯನ್ನು ವ್ಯಾಪಾರ ಬಹಳ ಹಿಂದೆಯೇ ಗುರುತಿಸಿದೆ. 1879ರಲ್ಲಿ ಅಮೆರಿಕದಲ್ಲಿ ತಯಾರಾದ ಲಿಸ್ಟರಿನ್ ಮೊದಲಿಗೆ ಶಸ್ತ್ರಚಿಕಿತ್ಸೆಯ ನಂಜುನಿರೋಧಕವಾಗಿತ್ತು. ಅದಕ್ಕೆ ಹೆಸರು ಬಂದದ್ದೂ ಬ್ರಿಟನ್ನಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಅವರಿಂದ. 1920ರ ದಶಕದಲ್ಲಿ ಕಂಪನಿ ಅದನ್ನೇ ಬಾಯಿ ವಾಸನೆಯ ಮದ್ದಾಗಿ ಮಾರಲು ಹೊರಟಾಗ, ಬಾಯಿ ವಾಸನೆಯಿಂದ ಮದುವೆಯಾಗದೆ ಉಳಿದ ಹುಡುಗಿಯರ ಚಿತ್ರವಿದ್ದ ಜಾಹೀರಾತುಗಳನ್ನು ಪತ್ರಿಕೆಗಳಲ್ಲಿ ಹಾಕಿಸಿತು. ಮಾರಾಟ ಮುಗಿಲು ಮುಟ್ಟಿತು. ನೆಗಡಿಯನ್ನೂ ತಡೆಯುತ್ತದೆ ಎಂದು ದಶಕಗಳ ಕಾಲ ಹೇಳಿಕೊಂಡದ್ದಕ್ಕೆ ಮಾತ್ರ 1975ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ತಿದ್ದುಪಡಿ ಜಾಹೀರಾತು ಹಾಕಬೇಕೆಂದು ಆದೇಶಿಸಿತು. ಹೆದರಿಸಿ ಮಾರುವ ಆ ದಾರಿ ಇಂದಿಗೂ ನಿಂತಿಲ್ಲ. ಟಿವಿಯಲ್ಲಿ ಬರುವ ಪೇಸ್ಟು, ಮೌತ್‌ವಾಷ್‌ಗಳ ಜಾಹೀರಾತಿನಲ್ಲಿ ಹುಡುಗ ಹುಡುಗಿ ಹತ್ತಿರ ಬರುತ್ತಾರೆ, ಒಸಡಿನ ಮಾತು ಬರುವುದಿಲ್ಲ. ಮೌತ್‌ವಾಷ್ ಕೆಟ್ಟದ್ದೆಂದಲ್ಲ. ಸತು ಅಥವಾ ಸೆಟೈಲ್‌ಪಿರಿಡಿನಿಯಂ ಇರುವ ದ್ರಾವಣಗಳು ಗಂಧಕದ ಅನಿಲವನ್ನು ಕೆಲವು ಗಂಟೆ ತಗ್ಗಿಸುತ್ತವೆ. ಒಸಡಿನ ಕೆಳಗಿನ ಕಲ್ಲನ್ನು ಯಾವ ದ್ರಾವಣವೂ ಕರಗಿಸುವುದಿಲ್ಲ.

ಆ ಕಲ್ಲನ್ನು ತೆಗೆಯುವುದು ದಂತವೈದ್ಯರ ಕೆಲಸ. ಅದಕ್ಕೆ ಅಡ್ಡ ಬರುವುದು ನಮ್ಮಲ್ಲಿ ಬೇರೂರಿರುವ ಒಂದು ನಂಬಿಕೆ: ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ. ಇದು ಹಬ್ಬಿರುವುದಕ್ಕೂ ಕಾರಣವಿದೆ. ವರ್ಷಗಟ್ಟಲೆ ಕಲ್ಲು ಕಟ್ಟಿದ ಬಾಯಲ್ಲಿ ಮೂಳೆ ಆಗಲೇ ಕರಗಿರುತ್ತದೆ, ಅಲ್ಲಾಡುವ ಹಲ್ಲುಗಳನ್ನು ಕಲ್ಲೇ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ ತಿಳಿಯುತ್ತದೆ, ಊತ ಇಳಿದ ಒಸಡು ಹಿಂದೆ ಸರಿದು ಹಲ್ಲುಗಳ ನಡುವೆ ಸಂದಿ ಕಾಣುತ್ತದೆ, ಕೆಲವು ದಿನ ತಣ್ಣೀರು ಜುಂ ಎನ್ನುತ್ತದೆ. ಹಲ್ಲು ಕೆಟ್ಟದ್ದು ಕ್ಲೀನಿಂಗಿನಿಂದ ಎಂದು ಅದನ್ನು ಮಾಡಿಸಿಕೊಂಡವರು ಊರಿಗೆಲ್ಲ ಹೇಳುತ್ತಾರೆ. ಈ ಮಾತನ್ನು ಚಿಕಿತ್ಸೆಗೆ ಮುಂಚೆಯೇ ರೋಗಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ವೈದ್ಯರು ಹೆಚ್ಚಾದರೆ ಅರ್ಧ ಭಯ ಹೋಗುತ್ತದೆ.

ಬಾಯಿ ವಾಸನೆ ಎಂದು ಹೇಳಿಕೊಂಡು ಹೋದವರಿಗೆ ಒಳ್ಳೆಯ ದಂತವೈದ್ಯರು ಮೊದಲು ಕೇಳುವುದು ಪ್ರಶ್ನೆಗಳನ್ನು. ವಾಸನೆಯ ವಿಷಯ ಯಾರಾದರೂ ಹೇಳಿದರೋ ತಮಗೇ ಅನ್ನಿಸಿತೋ, ಯಾವ ಹೊತ್ತಿನಲ್ಲಿ ಹೆಚ್ಚು, ಬಾಯಿ ಒಣಗುತ್ತದೆಯೇ, ಬಾಯಿ ತೆರೆದು ಮಲಗುತ್ತಾರೆಯೇ, ಯಾವ ಮಾತ್ರೆ ನುಂಗುತ್ತಾರೆ. ಅಲರ್ಜಿ, ಖಿನ್ನತೆಯ ಮಾತ್ರೆಗಳು, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಜೊಲ್ಲನ್ನು ತಗ್ಗಿಸುತ್ತವೆ. ಹಾಗೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರನ್ನು ಕೇಳಬೇಕು. ಆಮೇಲೆ ವೈದ್ಯರು ಸ್ವತಃ ರೋಗಿಯ ಉಸಿರನ್ನು ಮೂಸಿ ನೋಡಿ ಸೊನ್ನೆಯಿಂದ 5ರವರೆಗೆ ಅಂಕ ಕೊಡುತ್ತಾರೆ. ಕೇಳಲು ಮುಜುಗರವೆನಿಸಿದರೂ, ಅನಿಲ ಅಳೆಯುವ ಯಂತ್ರಗಳು ಬಂದ ಮೇಲೂ, ಇದೇ ಎಲ್ಲರೂ ಒಪ್ಪಿದ ಪರೀಕ್ಷೆ. ಬಾಯಿಯಿಂದ ಬಿಟ್ಟ ಉಸಿರು, ಮೂಗಿನಿಂದ ಬಿಟ್ಟ ಉಸಿರು ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಮೂಗಿನಿಂದ ಮಾತ್ರ ವಾಸನೆ ಬಂದರೆ ಸೈನಸ್ಸಿನ ಕಡೆ ಗಮನ ಹೋಗುತ್ತದೆ. ಈ ಪರೀಕ್ಷೆಗೆ ಹೋಗುವ ಮುಂಚಿನ ಎರಡು ದಿನ ಬೆಳ್ಳುಳ್ಳಿ ತಿನ್ನದೆ, ಆ ದಿನ ಸೆಂಟು ಹಾಕಿಕೊಳ್ಳದೆ, ಏಲಕ್ಕಿ ಜಗಿಯದೆ ಹೋಗಬೇಕು. ವಾಸನೆ ಮುಚ್ಚಿಕೊಂಡು ಹೋದರೆ ವೈದ್ಯರಿಗೆ ಸಿಗುವುದು ಏಲಕ್ಕಿಯ ಪರಿಮಳ ಮಾತ್ರ.

ನಂತರ ಮಿಲಿಮೀಟರ್ ಗುರುತಿರುವ ಸಣ್ಣ ಕಡ್ಡಿಯಿಂದ ಒಸಡಿನ ಆಳ ಅಳೆಯುತ್ತಾರೆ. ಹುಳುಕು ಹಲ್ಲು, ಅಂಚು ಬಿಟ್ಟ ಫಿಲ್ಲಿಂಗ್, ಆಹಾರ ಸಿಕ್ಕಿಕೊಳ್ಳುವ ಕ್ಯಾಪು, ಅರ್ಧ ಹೊರಬಂದ ಬುದ್ಧಿಹಲ್ಲು, ರಾತ್ರಿಯೂ ತೆಗೆಯದ ಹಲ್ಲಿನ ಸೆಟ್ ಇವೆಲ್ಲ ಆಗ ಹೊರಬೀಳುತ್ತವೆ. ಕಲ್ಲು ಮೇಲ್ಮಟ್ಟದ್ದಾದರೆ ಒಂದೇ ಭೇಟಿಯಲ್ಲಿ ಸ್ಕೇಲಿಂಗ್ ಮುಗಿಯುತ್ತದೆ. ಚೀಲ ಆಳವಾಗಿದ್ದರೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಬೇರಿನವರೆಗೆ ಶುಚಿ ಮಾಡುತ್ತಾರೆ, ಎರಡು ಮೂರು ಬಾರಿ ಹೋಗಬೇಕಾಗುತ್ತದೆ. ಜೊತೆಗೆ ಕ್ಲೋರ್‌ಹೆಕ್ಸಿಡಿನ್ ದ್ರಾವಣ ಬರೆದುಕೊಡಬಹುದು. ಅದನ್ನು ಹಲ್ಲುಜ್ಜಿದ ಅರ್ಧ ಗಂಟೆಯ ಮೇಲೆ ಬಳಸಬೇಕು, ಪೇಸ್ಟಿನ ನೊರೆಯ ಅಂಶ ಅದರ ಶಕ್ತಿ ಕಳೆಯುತ್ತದೆ. ವಾರಗಳ ಲೆಕ್ಕ ಮೀರಿ ಬಳಸಿದರೆ ಹಲ್ಲಿಗೆ ಕಂದು ಕರೆ ಹಿಡಿಯುತ್ತದೆ, ರುಚಿ ಕೆಡುತ್ತದೆ. ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಕೊಳ್ಳುವ ಮದ್ದಲ್ಲ ಅದು. ಮನೆಯಲ್ಲಿ ಉಳಿಯುವ ಕೆಲಸ ರಾತ್ರಿ ಹಲ್ಲುಜ್ಜುವುದು, ಹಲ್ಲುಸಂದಿಗೆ ದಾರ ಅಥವಾ ಸಂದಿಯ ಬ್ರಷ್ ಹಾಕುವುದು, ನಾಲಿಗೆ ತೊಳೆಯುವುದು. ಬೆಳಿಗ್ಗೆ ಹಲ್ಲುಜ್ಜದೆ ಕಾಫಿ ಮುಟ್ಟದ ಮನೆಗಳಲ್ಲೂ ರಾತ್ರಿ ಬ್ರಷ್ ಹಿಡಿಯುವವರು ಕಡಿಮೆ. ಜೊಲ್ಲು ನಿಲ್ಲುವ ಹೊತ್ತು ರಾತ್ರಿಯೇ ಆದ್ದರಿಂದ ಆ ಉಜ್ಜುವಿಕೆಯೇ ಹೆಚ್ಚು ಮುಖ್ಯ.

ಬಾಯಿ ಪೂರ್ತಿ ಸರಿಯಿದ್ದೂ ವಾಸನೆ ಉಳಿದರೆ ದಂತವೈದ್ಯರೇ ಮುಂದಿನ ದಾರಿ ತೋರಿಸುತ್ತಾರೆ. ಟಾನ್ಸಿಲ್ ಗುಳಿಗಳಲ್ಲಿ ಕಟ್ಟುವ ಬಿಳಿಯ, ವಿಪರೀತ ನಾರುವ ಸಣ್ಣ ಹರಳುಗಳಿಗೆ, ಹಳೆಯ ಸೈನಸ್ ಸೋಂಕಿಗೆ ಕಿವಿ ಮೂಗು ಗಂಟಲಿನ ತಜ್ಞರು ಬೇಕು. ಚಿಕ್ಕ ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಸುರಿಯುತ್ತಿದ್ದರೆ ಒಳಗೆ ಮಣಿಯೋ ಕಾಳೋ ಸಿಕ್ಕಿರುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆಯವರ ಉಸಿರು ಕೊಳೆತ ಹಣ್ಣಿನಂತೆ ವಾಸನೆ ಬಂದು, ವಾಂತಿ, ಸುಸ್ತು ಸೇರಿದರೆ ಅದೇ ಗಳಿಗೆ ಆಸ್ಪತ್ರೆಗೆ ಓಡಬೇಕು. ಮೂತ್ರಪಿಂಡ ಸೋತವರ ಉಸಿರಿನಲ್ಲಿ ಅಮೋನಿಯಾ ವಾಸನೆ ಇರುತ್ತದೆ.

ವಾಸನೆಯೇ ಇಲ್ಲದೆ ನರಳುವವರೂ ಇದ್ದಾರೆ. ಪಕ್ಕದವರು ಮೂಗು ಒರೆಸಿಕೊಂಡರೂ ಅದು ತನ್ನ ಬಾಯಿಯಿಂದಲೇ ಎಂದು ಕುಗ್ಗಿ, ಕೈ ಅಡ್ಡ ಹಿಡಿದೇ ಮಾತಾಡಿ, ಕೊನೆಗೆ ಮನೆ ಬಿಟ್ಟು ಹೊರಬರದಂತಾಗುವ ಈ ಸ್ಥಿತಿಯನ್ನು 1971ರಲ್ಲಿ ವಿಲಿಯಂ ಪ್ರೈಸ್-ಫಿಲಿಪ್ಸ್ ವೈದ್ಯಕೀಯ ಲೋಕಕ್ಕೆ ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿದೆ. ಇವರಿಗೆ “ಏನೂ ಇಲ್ಲ ಹೋಗಿ” ಎಂದು ಕಳಿಸಿಬಿಡುವುದು ಕ್ರೌರ್ಯ. ಪರೀಕ್ಷೆಯ ಅಂಕವನ್ನು ತೋರಿಸಿ, ತಾಳ್ಮೆಯಿಂದ ಮಾತಾಡಿ, ಮನೋವೈದ್ಯರ ಬಳಿಗೆ ಕಳಿಸಬೇಕು. ಚಿಕಿತ್ಸೆಯಿಂದ ಇವರೂ ಸುಧಾರಿಸುತ್ತಾರೆ.

ಇನ್ನು ಖರ್ಚಿನ ಮಾತು. ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಹಲ್ಲಿನ ಹೊರರೋಗಿ ಚಿಕಿತ್ಸೆಗೆ ಹಣ ಕೊಡುವುದಿಲ್ಲ, ಖಾಸಗಿ ಕ್ಲಿನಿಕ್ಕಿನ ಬಿಲ್ಲಿಗೆ ಕೂಲಿಯವರು ಹೆದರುವುದರಲ್ಲಿ ತಪ್ಪಿಲ್ಲ. ಬೆಂಗಳೂರು, ಬಳ್ಳಾರಿಯ ಸರ್ಕಾರಿ ದಂತ ಕಾಲೇಜುಗಳಲ್ಲಿ, ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರು, ಮಣಿಪಾಲ, ಮಂಗಳೂರಿನಂಥ ಊರುಗಳ ದಂತ ಕಾಲೇಜುಗಳಲ್ಲಿ ಒಸಡಿಗೇ ಮೀಸಲಾದ ವಿಭಾಗಗಳಿವೆ, ಶುಲ್ಕ ಹೊರಗಿನದಕ್ಕಿಂತ ಬಹಳ ಕಡಿಮೆ. ಹಳ್ಳಿಯವರಿಗೆ ಆ ಊರುಗಳು ದೂರ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆಯನ್ನು ರಾಜ್ಯ ಸರ್ಕಾರ ತಂದಿತು, ಅದು ಒಳ್ಳೆಯ ಕೆಲಸವೇ. ಆದರೆ ಆ ಹಿರಿಯರಲ್ಲಿ ಅನೇಕರ ಹಲ್ಲು ಹೋದದ್ದು ಒಸಡಿನ ರೋಗದಿಂದ, ಇಪ್ಪತ್ತು ವರ್ಷ ಮೊದಲೇ ವಾಸನೆಯ ರೂಪದಲ್ಲಿ ಕಾಣಿಸಿಕೊಂಡ ರೋಗದಿಂದ.

ತಾಲ್ಲೂಕು ಆಸ್ಪತ್ರೆಗಳಿಗೆ ತಿಂಗಳು ತಿಂಗಳು ಶುಗರ್, ಬಿಪಿ ಮಾತ್ರೆಗೆ ಬಂದು ಸಾಲಿನಲ್ಲಿ ನಿಲ್ಲುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ಸಕ್ಕರೆ ಏರಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಇಳಿಯುವುದು ಕಷ್ಟ. ಒಸಡಿಗೆ ಚಿಕಿತ್ಸೆ ಕೊಟ್ಟರೆ ಮೂರು ನಾಲ್ಕು ತಿಂಗಳಲ್ಲಿ, ಸಕ್ಕರೆಯ ಹತೋಟಿ ತೋರಿಸುವ ಎಚ್‌ಬಿಎ1ಸಿ ಪ್ರಮಾಣ ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುತ್ತದೆ ಎಂದು 2022ರ ಕಾಕ್ರೇನ್ ವಿಮರ್ಶೆ ಲೆಕ್ಕ ಹಾಕಿದೆ. ಹಾಗಿರುವಾಗ ಆ ಸಾಲಿನಲ್ಲಿ ನಿಂತವರಿಗೆ ರಕ್ತ ಪರೀಕ್ಷೆಯ ಜೊತೆಗೇ ಬಾಯಿ ತೆರೆಸಿ ನೋಡಬೇಕು. ಒಸಡಿನಲ್ಲಿ ರಕ್ತವೋ ವಾಸನೆಯೋ ಇದ್ದವರನ್ನು ಅದೇ ದಿನ, ಅದೇ ಆಸ್ಪತ್ರೆಯ ಹಲ್ಲಿನ ವಿಭಾಗಕ್ಕೆ ಚೀಟಿ ಬರೆದು ಕಳಿಸಬೇಕು. ಆ ವಿಭಾಗದಲ್ಲಿ ಹಲ್ಲು ಕೀಳುವ ಇಕ್ಕಳದ ಜೊತೆಗೆ ಕೆಲಸ ಮಾಡುವ ಸ್ಕೇಲಿಂಗ್ ಯಂತ್ರ ಇರಬೇಕು, ಕೆಟ್ಟರೆ ವಾರದೊಳಗೆ ರಿಪೇರಿಯಾಗಬೇಕು, ಮೂರು ತಿಂಗಳ ಮೇಲೆ ಅದೇ ರೋಗಿಯನ್ನು ಮತ್ತೆ ಕರೆಸಿ ಒಸಡಿನ ಆಳ ಅಳೆದು ಬರೆದಿಡಬೇಕು. ದಂತಭಾಗ್ಯದ ಮುಂದಿನ ಹಂತವೆಂದು ಸರ್ಕಾರ ಇದನ್ನೇ ಕೈಗೆತ್ತಿಕೊಳ್ಳಲಿ.